ಕಲ್ಯಾಣದಿಂದ ತೆಗೆಸಿದ ಪಾಸು

ಡೊಂಬಿವಲಿ ಪೂರ್ವ
೧೪ ಜನವರಿ ೨೦೨೫, ಮಂಗಳವಾರ

ಪ್ರೀತಿಯ ಉಮಾ,

ನಾನು ಕ್ಷೇಮ ಎಂದು ಬರೆದರೆ ನನ್ನ ಎಡ ಮೊಣಕಾಲು ನಗುತ್ತದೆ, ಆದ್ದರಿಂದ ಅದನ್ನು ಬಿಟ್ಟುಬಿಡುತ್ತೇನೆ. ನೀನೂ ಪ್ರೇಮನಾಥಣ್ಣನೂ ಚೆನ್ನಾಗಿದ್ದೀರಿ ಎಂದು ನಿನ್ನ ವಾಟ್ಸಾಪ್ ಫೋಟೋಗಳೇ ದಿನಾ ಸಾರುತ್ತವೆ. ಇಪ್ಪತ್ತೆರಡನೇ ಮಹಡಿಯ ಬಾಲ್ಕನಿ, ಹಿಂದೆ ಹಸಿರು ಗುಡ್ಡ, ಮುಂದೆ ಗಂಡ ಹೆಂಡತಿ ಚಹಾ ಕುಡಿಯುತ್ತಿರುವುದು. ನಮ್ಮ ಕಟ್ಟಡಕ್ಕೆ ಇನ್ನೂ ಲಿಫ್ಟ್ ಬಂದಿಲ್ಲ. ಸೊಸೈಟಿಯ ಮೀಟಿಂಗಿನಲ್ಲಿ ಮಾತ್ರ ಅದು ಹದಿನಾರು ವರ್ಷಗಳಿಂದ ಹತ್ತುತ್ತಾ ಇಳಿಯುತ್ತಾ ಇದೆ.

ದೀಪಾವಳಿಗೆ ನೀನು ಮಾನಸಿಯ ಕೈಯಲ್ಲಿ ಕಳಿಸಿದ ಪುಸ್ತಕಕ್ಕೆ ಸಂಕ್ರಾಂತಿಗೆ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡ. ಡೊಂಬಿವಲಿಯಿಂದ ಘೋಡಬಂದರ್ ರಸ್ತೆಗೆ ಕಾಗದ ಬರೆಯುವ ಹುಚ್ಚಿ ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಆದರೆ ಫೋನು ಮಾಡಿದರೆ ನೀನು "ಎಂತ ಮಾರಾಯ್ತಿ, ಊಟ ಆಯ್ತಾ?" ಎನ್ನುತ್ತೀಯ, ನಾನು "ಆಯ್ತು" ಎನ್ನುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅಷ್ಟಕ್ಕೂ ನಮ್ಮಿಬ್ಬರ ನಡುವೆ ಬರವಣಿಗೆ ಹೊಸದಲ್ಲ. ಈ ಮೂರನೇ ಮಹಡಿಯಲ್ಲಿ ನಮ್ಮ ಬಾಗಿಲುಗಳು ಎದುರುಬದುರಾಗಿದ್ದ ಕಾಲದಲ್ಲಿ, ಏಳು ವರ್ಷ, ಬೆಳಿಗ್ಗೆ ನಾನು ಮಗಳು ಮಾನಸಿಯನ್ನು ನಿನ್ನ ಕೈಗೆ ಕೊಟ್ಟು ಫೋರ್ಟಿನ ಆಫೀಸಿಗೆ ಓಡುತ್ತಿದ್ದೆ. ಸಂಜೆ ನೀನು ಅವಳ ಬಟ್ಟೆಯ ಚೀಲದಲ್ಲಿ ಒಂದು ಚೀಟಿ ಇಟ್ಟು ಕೊಡುತ್ತಿದ್ದೆ. "ಎರಡು ಸಲ ಗಂಜಿ ಉಂಡಳು. ಮಧ್ಯಾಹ್ನ ನಿದ್ದೆ ಇಲ್ಲ. ಮೂಗು ಸೋರುತ್ತಿದೆ." ಅಷ್ಟು ಚೀಟಿಗಳಿಗೆ ನಾನು ಒಂದಕ್ಕೂ ಉತ್ತರ ಬರೆದಿರಲಿಲ್ಲ. ಇದು ಎಲ್ಲದಕ್ಕೂ ಸೇರಿಸಿ ಎಂದು ಇಟ್ಟುಕೋ.

ಪುಸ್ತಕದ ಮೊದಲ ಪುಟದಲ್ಲಿ ನಿನ್ನ ಆ ಉರುಟು ಅಕ್ಷರದಲ್ಲಿ, "ಜಯಾ, ಓದಿ ಹೇಳು. ನಿನಗಾದರೆ ಯಾವ ಬದುಕು ಬೇಕು?" ಎಂದು ಬರೆದಿದ್ದೀಯ. ಬರೆಯಲು ನಿನಗೆ ಅರ್ಧ ನಿಮಿಷ ಹಿಡಿದಿರಬೇಕು. ನನಗೆ ಎರಡೂವರೆ ತಿಂಗಳು ಹಿಡಿಯಿತು.

ಕಥೆಯ ಹೆಂಗಸು ಮಲ್ಲಿಕಾ ನಿಮ್ಮ ಠಾಣೆ ಊರಿನವಳೇ, ವಯಸ್ಸು ನಲವತ್ತಾರು. ಒಂದು ದಿನ ಅವಳ ಕಟ್ಟಡದ ಲಿಫ್ಟಿನಲ್ಲಿ ಹಿಂದೆಂದೂ ಇಲ್ಲದ ಹದಿಮೂರನೇ ನಂಬರಿನ ಗುಂಡಿ ಕಾಣಿಸುತ್ತದೆ. ಒತ್ತಿದರೆ ಬಾಗಿಲು ತೆರೆಯುವುದು ಅವಳ ಹಳೆಯ ಒಂದು ದಿನಕ್ಕೆ. ಅಂದು ಮಾಡಿದ್ದನ್ನು ಬಿಟ್ಟು ಬೇರೆಯದನ್ನು ಮಾಡಿದರೆ ಆಮೇಲಿನ ಬದುಕೆಲ್ಲ ಬೇರೆ. ಒಂದರಲ್ಲಿ ಅವಳು ಕಾರವಾರದಲ್ಲಿ ಡಾಕ್ಟರು. ಇನ್ನೊಂದರಲ್ಲಿ ಮದುವೆಯಾಗದೆ ಸ್ಕೂಟರಿನಲ್ಲಿ ಓಡಾಡುವ ಟೀಚರು. ಮತ್ತೊಂದರಲ್ಲಿ ತಾನು ಬೇಡವೆಂದ ಹುಡುಗನನ್ನೇ ಕಟ್ಟಿಕೊಂಡು ದುಬೈಯಲ್ಲಿ ಇರುವವಳು. ಸಾಕೆನಿಸಿದರೆ ಲಿಫ್ಟಿಗೆ ಮರಳಬಹುದು. ಆದರೆ ಒಂದು ಕಟ್ಟುಪಾಡು ಉಂಟು. ಅವಳು ಎದ್ದು ಹೋದ ಬದುಕು ಖಾಲಿ ಇರುವುದಿಲ್ಲ, ಅಲ್ಲಿ ಬೇರೆ ಹೆಂಗಸು ಬಂದು ಕೂರುತ್ತಾಳೆ. ಇದನ್ನು ಬರೆದ ಪುಣ್ಯಾತ್ಮ ಖಂಡಿತ ಲೋಕಲ್ ಟ್ರೇನಿನಲ್ಲಿ ಓಡಾಡಿದವನು. ಎದ್ದರೆ ಸೀಟು ಹೋಯಿತು, ಮತ್ತೆ ತಿರುಗಿ ನೋಡುವ ಹಾಗಿಲ್ಲ.

ಇನ್ನೂರ ಹನ್ನೆರಡನೇ ಪುಟದಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ಮಲ್ಲಿಕಾ ಆ ಟೀಚರ್ ಬದುಕಿನಿಂದ ಒಂದು ಸಂಜೆ ಠಾಣೆ ಸ್ಟೇಷನ್ನಿಗೆ ಬರುತ್ತಾಳೆ. ಪ್ಲಾಟ್‌ಫಾರಮಿನಲ್ಲಿ ಅವಳದೇ ಮಗಳು ಇನ್ನೊಬ್ಬ ಹೆಂಗಸಿನ ಕೈ ಹಿಡಿದು ಬರ್ಫ್ ಗೋಲಾ ಚೀಪುತ್ತಾ ನಿಂತಿದ್ದಾಳೆ. ಮಗು ಇವಳನ್ನು ನೋಡುತ್ತದೆ, ಯಾರೋ ಆಂಟಿ ಎಂಬಂತೆ ದಾರಿ ಬಿಡುತ್ತದೆ. ಅಷ್ಟೇ. ನಾನು ಪುಸ್ತಕವನ್ನು ಕಪಾಟಿನ ಮೇಲೆ, ಅಕ್ಕಿ ಕೇರುವ ಮೊರದ ಕೆಳಗೆ ತುರುಕಿದೆ. ಒಂದು ತಿಂಗಳು ಮುಟ್ಟಲಿಲ್ಲ. ಆ ತಿಂಗಳೆಲ್ಲ ನಿನ್ನನ್ನು ಬೈದೆ. ಇದನ್ನು ಓದಿಸಬೇಕೆಂದೇ ನೀನು ಕಳಿಸಿದ್ದು ಎಂದು ನನಗೆ ಖಾತ್ರಿಯಾಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದು ನೀನು ನಗಬಹುದು, ನಗು.

ಮತ್ತೆ ಹೊರಗೆ ತೆಗೆಸಿದವಳು ಮಾನಸಿ. ಅವಳಿಗೆ ಕನ್ನಡ ಅಕ್ಷರ ಬಾರದು, ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಇದು ನನ್ನ ತಪ್ಪೋ ಡೊಂಬಿವಲಿಯ ತಪ್ಪೋ ಗೊತ್ತಿಲ್ಲ. ಐರೋಲಿಯ ಆಫೀಸಿನಿಂದ ಸಂಜೆ ಬಂದು ಚಹಾ ಹಿಡಿದು ಕೂತು, "ಮಮ್ಮಿ, ತೂ ಪಢ್, ಮೈಂ ಸುನತೀ ಹೂಂ" ಎಂದಳು. ಮದುವೆಯಾಗಿ ಹೋಗುವ ಹುಡುಗಿ, ಇನ್ನೆಷ್ಟು ಸಂಜೆ ಉಂಟು ಎಂದು ಆಸೆಯಿಂದ ಓದಿದೆ. ಹೀಗೆ ಅವಳಿಗೆ ಓದಿ ಹೇಳಿದ್ದು ನನಗೆ ಇದೇ ಮೊದಲು. ಅವಳು ಚಿಕ್ಕವಳಿದ್ದಾಗ ಕಥೆ ಹೇಳಿದ್ದೂ ನೀನೇ ಅಲ್ಲವೇ.

ಮುಗಿದ ದಿನ ನಾನೇ ಕೇಳಿದೆ, ನಿನ್ನ ಪ್ರಶ್ನೆಯನ್ನೇ. ನಿನಗೆ ಯಾವ ಬದುಕು ಬೇಕು ಮಗಾ?

"ಇತ್ನಾ ಕ್ಯಾ ಸೋಚ್ನಾ? ಮುಝೇ ತೋ ಯಹೀ ಲೈಫ್ ಚಾಹಿಯೇ" ಎಂದಳು. ಈ ಬದುಕೇ ಬೇಕು ಎಂದದ್ದು ಕೇಳಿ ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಅಷ್ಟಕ್ಕೇ ಸುಮ್ಮನಿರಬಾರದೇ? "ಬಸ್, ಏಕ್ ಬಾರ್ ಅಮ್ಮಾ ಕೇ ಕಿಚನ್‌ವಾಲೀ ಸುಬಹ್ ಮೇಂ ವಾಪಸ್ ಜಾನಾ ಹೈ."

ಅಮ್ಮನ ಅಡಿಗೆಮನೆಯ ಬೆಳಗಿಗೆ ಒಮ್ಮೆ ಮರಳಬೇಕಂತೆ. ಅಮ್ಮ ಎಂದರೆ ನೀನು. ನಾನು ಮಮ್ಮಿ. ಹೆತ್ತವಳು ಮಮ್ಮಿ, ಎದುರು ಮನೆಯವಳು ಅಮ್ಮ. ಇದನ್ನು ಇಪ್ಪತ್ತೆಂಟು ವರ್ಷ ಕೇಳಿದ್ದೇನೆ. ಕಿವಿಗೆ ಅಭ್ಯಾಸವಾಗಿದೆ, ನನಗೆ ಆಗಿಲ್ಲ.

ಆಮೇಲೆ ಅವಳು ಆ ಬೆಳಗನ್ನು ಎಷ್ಟು ಚೆನ್ನಾಗಿ ಬಣ್ಣಿಸಿದಳು ಗೊತ್ತೇ! ನಿನ್ನ ಅಡಿಗೆಮನೆಯ ಕಿಟಕಿಯ ಕೆಳಗಿನ ಆ ಕುಂಟು ಸ್ಟೂಲು. ನೀನು ಹುಯ್ಯುತ್ತಿದ್ದ ಮೂರು ಪುಟ್ಟ ದೋಸೆ, ಒಂದು ಕಾಗೆಗೆ, ಒಂದು ಪ್ರೇಮ್ ಪಪ್ಪಾನಿಗೆ, ಒಂದು ಮಾನಸಿಗೆ. ತಲೆಗೆ ತೆಂಗಿನೆಣ್ಣೆ ತಟ್ಟಿ ನೀನು ಹಾಕುತ್ತಿದ್ದ ಎರಡು ಜಡೆ, ರಿಬ್ಬನ್ನಿಗೆ ನೀನು ಕೊಡುತ್ತಿದ್ದ ಗಂಟು. ಹೇಳಿ ಹೇಳಿ ಅವಳ ಮುಖವೇ ಬೇರೆಯಾಗಿತ್ತು. ನಾನು ಸುಮ್ಮನೆ ಕೇಳಿದೆ, "ನಾನು ಎಲ್ಲಿದ್ದೆ?"

"ತೂ ಟ್ರೇನ್ ಮೇಂ ಥೀ" ಎಂದಳು. ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಜಗಳವಾಡುತ್ತಿದ್ದೆ.

ನೇರವಾಗಿಯೇ ಬರೆಯುತ್ತೇನೆ, ಉಮಾ. ನನಗೆ ನಿನ್ನ ಮೇಲೆ ಹೊಟ್ಟೆಯುರಿ. ನಿನ್ನ ಲಿಫ್ಟಿನ ಮೇಲಲ್ಲ, ಬಾಲ್ಕನಿಯ ಮೇಲಲ್ಲ, ಪ್ರೇಮನಾಥಣ್ಣ ಇನ್ನೂ ನಿನ್ನ ಪಕ್ಕದಲ್ಲಿ ಕೂತು ಚಹಾ ಕುಡಿಯುವುದರ ಮೇಲೂ ಅಲ್ಲ. (ಅದರ ಮೇಲೆ ಸ್ವಲ್ಪ ಉಂಟು. ನನ್ನ ಭುಜಂಗ ತೀರಿಹೋಗಿ ಬರುವ ಮೇ ತಿಂಗಳಿಗೆ ಹನ್ನೊಂದು ವರ್ಷ.) ತಾನು ಮೆಚ್ಚಿದ ಹುಡುಗ ಪ್ರಥಮನ ವಿಷಯ ಮಾನಸಿ ಮೊದಲು ಹೇಳಿದ್ದು ನಿನಗೆ. ನನಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ. ಧಾರೆ ಸೀರೆಯ ಬಣ್ಣ ಕೇಳಿದ್ದೂ ನಿನ್ನನ್ನು. ನನಗೆ ಫೋಟೋ ತೋರಿಸಿ "ಅಮ್ಮಾ ಕೋ ಪಸಂದ್ ಹೈ" ಎಂದಳು. ಜ್ವರ ಬಂದರೆ ಇವತ್ತಿಗೂ ಅವಳು ನಿದ್ದೆಯಲ್ಲಿ ಕರೆಯುವುದು ಅಮ್ಮನನ್ನು, ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ಕೂತಿರುವುದು ಮಮ್ಮಿ. ನಿನಗೆ ಮಕ್ಕಳಾಗಲಿಲ್ಲ ಎಂದು ಆ ಕಾಲದಲ್ಲಿ ಈ ಕಟ್ಟಡವೆಲ್ಲ ಅಯ್ಯೋ ಎನ್ನುತ್ತಿತ್ತು. ನಾನೂ ಎಂದಿದ್ದೆ. ಈಗ ಲೆಕ್ಕ ಹಾಕಿದರೆ ಅಯ್ಯೋ ಎನ್ನಬೇಕಾದದ್ದು ಯಾರಿಗೆ?

ಅವಳ ಮೊದಲ ಹೆಜ್ಜೆಯನ್ನೂ ನಾನು ನೋಡಿದ್ದು ನಿನ್ನ ಚೀಟಿಯಲ್ಲಿ. "ಇವತ್ತು ನಿಂತಳು. ನಾಲ್ಕು ಹೆಜ್ಜೆ ಹಾಕಿ ನನ್ನ ಸೀರೆ ಹಿಡಿದಳು." ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಮದುವೆ ಮಂಟಪದ ಪರದೆಯ ಮೇಲೆ ತೋರಿಸಲು ಚಿಕ್ಕಂದಿನ ಫೋಟೋ ಬೇಕೆಂದು ಮಾನಸಿ ಕಳೆದ ವಾರ ನನ್ನ ಹಳೆಯ ಸೂಟ್‌ಕೇಸು ಬಗೆದಳು. ಫೋಟೋಗಳ ನಡುವೆ ನನ್ನ ರೈಲ್ವೆ ಪಾಸು ಸಿಕ್ಕಿತು, ತೊಂಬತ್ತೇಳನೇ ಇಸವಿಯದ್ದು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಮ್ಮಿ, ಹಮ್ ತೋ ಡೊಂಬಿವಲೀ ಮೇಂ ರಹತೇ ಥೇ ನಾ? ಪಾಸ್ ಕಲ್ಯಾಣ್ ಸೇ ಕ್ಯೂಂ?" ಎಂದು ಕೇಳಿದಳು. ಡೊಂಬಿವಲಿಯವರಿಗೂ ಆಗ ಕಲ್ಯಾಣದಿಂದಲೇ ಪಾಸು ಕೊಡುತ್ತಿದ್ದರು ಎಂದೆ. ನಂಬಿದಳು. ಅವಳು ನನ್ನನ್ನು ಬೇಗ ನಂಬುತ್ತಾಳೆ.

ಇನ್ನು ಮುಖ್ಯ ವಿಷಯ. ಫೆಬ್ರವರಿ ಒಂಬತ್ತು, ಭಾನುವಾರ, ಇಲ್ಲೇ ಡೊಂಬಿವಲಿಯ ಹಾಲಿನಲ್ಲಿ ಮದುವೆ. ಹನ್ನೊಂದೂ ಇಪ್ಪತ್ತಕ್ಕೆ ಮುಹೂರ್ತ. ಮೊನ್ನೆ ಭಾನುವಾರ ಭುಜಂಗನ ಅಕ್ಕ ಸುಲೋಚನಾ ಅತ್ತಿಗೆ ಕೋಪರಖೈರಣೆಯಿಂದ ಬಂದಿದ್ದರು. ನನ್ನ ತಮ್ಮ ಲತೀಶನೂ ಇದ್ದ. ಅತ್ತಿಗೆ ಚಹಾ ಲೋಟ ಕೆಳಗಿಟ್ಟು, "ಧಾರೆ ಎರೆಯುದಕ್ಕೆ ಗಂಡ ಹೆಂಡ್ತಿ ಜೋಡಿ ಬೇಕಲ್ಲ ಜಯಾ. ನೀನು ಒಬ್ಳೇ ಗಿಂಡಿ ಹಿಡಿದು ನಿಲ್ಲುದು ಸರಿ ಕಾಣುದಿಲ್ಲ. ನಾನು ಹೇಳುದಲ್ಲ, ಜನ ಹೇಳ್ತಾರೆ" ಎಂದರು. ಜನ ಎಂದರೆ ಯಾವಾಗಲೂ ಅತ್ತಿಗೆಯೇ. ಅದು ನಿನಗೂ ಗೊತ್ತು.

ನಾನು ಬಾಯಿ ತೆರೆಯುವ ಮೊದಲೇ ಮಾನಸಿ ಒಳಗಿಂದ, "ತೋ ಅಮ್ಮಾ ಔರ್ ಪ್ರೇಮ್ ಪಪ್ಪಾ ಕರೇಂಗೇ ನಾ. ಸಿಂಪಲ್!" ಎಂದಳು.

ಸಿಂಪಲ್ ಅಂತೆ. ಒಂಬತ್ತು ತಿಂಗಳು ಹೊತ್ತದ್ದು ನಾನು, ಮೂವತ್ತೊಂದು ವರ್ಷ ನೌಕರಿ ಮಾಡಿ ಅವಳ ಫೀಸು ಕಟ್ಟಿದ್ದು ನಾನು. ಕೊನೆಗೆ ಅವಳ ಕೈಗೆ ನೀರು ಎರೆದು ಕೊಡುವುದು ನೀನು. ನನಗೆ ತಡೆಯಲಿಲ್ಲ. "ಸೋದರಮಾವ ಇರುವಾಗ ಹೊರಗಿನವರು ಯಾಕೆ?" ಎಂದುಬಿಟ್ಟೆ. "ಲತೀಶನೂ ಅವನ ಹೆಂಡತಿಯೂ ಎರೆಯಲಿ."

ಮಾನಸಿ ಬಾಗಿಲಿಗೆ ಬಂದು ನಿಂತಳು. "ಹೊರಗಿನವರು?" ಎಂದಳು, ಕನ್ನಡದಲ್ಲಿ. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ಕನ್ನಡ. ಲತೀಶ ಪಾಪ, "ಅಕ್ಕ, ನಂಗೆ ಎಂತ ಬೇಜಾರಿಲ್ಲ, ಉಮಕ್ಕನೇ ಮಾಡ್ಲಿ" ಎಂದ. ನೀನು ಸುಮ್ಮನಿರು ಎಂದೆ. ಅಂದಿನಿಂದ ಮಾನಸಿ ನನ್ನೊಡನೆ ಮಾತಾಡಿಲ್ಲ. ನಾನು ಕಟ್ಟಿದ ಡಬ್ಬಿ ಇವತ್ತು ಅಡಿಗೆಕಟ್ಟೆಯ ಮೇಲೆಯೇ ಉಳಿದಿದೆ.

ಆದರೂ ನನ್ನ ಮಾತು ಅದೇ. ಧಾರೆಗೆ ಲತೀಶ ನಿಲ್ಲುತ್ತಾನೆ. ನೀವಿಬ್ಬರೂ ಬೇಗ ಬಂದು ಮುಂದಿನ ಸಾಲಿನಲ್ಲಿ ಕೂತು ಹರಸಬೇಕು. ಎರಡು ಕುರ್ಚಿಗೆ ಹೆಸರಿನ ಚೀಟಿ ಅಂಟಿಸಿ ಇಡಿಸುತ್ತೇನೆ. ಮಮ್ಮಿ ಒಬ್ಬಳು ಬದುಕಿದ್ದಾಳೆ ಎಂದು ಅದೊಂದು ದಿನವಾದರೂ ಜನಕ್ಕೆ ಕಾಣಲಿ. ಇದರೊಂದಿಗೆ ಆಮಂತ್ರಣ ಪತ್ರಿಕೆ ಇದೆ. ಅರಸಿನ ಕುಂಕುಮ ನಾನೇ ಹಚ್ಚಿದ್ದು.

ಪುಸ್ತಕ ಕೊನೆಗೆ ಹೇಗಿತ್ತು ಎಂದು ಕೇಳುತ್ತೀಯಾ? ಸಿಟ್ಟು ಬರುವ ಹಾಗಿತ್ತು. ಮಲ್ಲಿಕಾ ಎಲ್ಲ ಬದುಕು ಸುತ್ತಿ ತನ್ನ ಮನೆಗೇ ಬರುತ್ತಾಳೆ. ಒಳಗೆ ಇನ್ನೊಬ್ಬಳ ಬಳೆಯ ಸದ್ದು, ಮಗಳ ನಗು. ಇವಳು ಬೆಲ್ಲಿನ ಮೇಲೆ ಬೆರಳಿಟ್ಟು ನಿಂತಿದ್ದಾಳೆ, ಅಲ್ಲಿಗೆ ಮುಗಿಯಿತು. ಒತ್ತಿದಳೋ ಇಲ್ಲವೋ ಬರೆಯಬಾರದೇ? ಮುನ್ನೂರ ನಲವತ್ತು ಪುಟ ಓದಿದವರಿಗೆ ಅಷ್ಟೂ ಹಕ್ಕಿಲ್ಲವೇ? ನಿನ್ನ ಪ್ರಶ್ನೆಗೆ ನನ್ನ ಉತ್ತರ: ನನಗೆ ಯಾವ ಬದುಕೂ ಬೇಡ. ಮೊಣಕಾಲು ಇದಕ್ಕೇ ಸಾಲುತ್ತಿಲ್ಲ.

ಪ್ರೇಮನಾಥಣ್ಣನ ಸಕ್ಕರೆ ಹಿಡಿತದಲ್ಲಿರಲಿ. ಅವರಿಗೆ ಎಳ್ಳುಬೆಲ್ಲ ಕೊಡಬೇಡ, ನೀನೊಬ್ಬಳೇ ತಿನ್ನು. ಇಬ್ಬರಿಗೂ ದೇವರು ಇನ್ನೂ ಬಹಳ ವರ್ಷ ಒಂದೇ ಬಾಲ್ಕನಿ ಕೊಡಲಿ.

ನಿನ್ನ
ಜಯಾ

ತಾ. ಕ.
ಶುಕ್ರವಾರ ಬೆಳಿಗ್ಗೆ

ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಅಂಚೆಗೆ ಹಾಕದೆ ಎರಡು ದಿನ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ.

ಇವತ್ತು ಮಾನಸಿ ಚಪ್ಪಲಿ ಹಾಕಿಕೊಳ್ಳುವಾಗ ನಾನೇ ಸೋತು ಮಾತಾಡಿಸಿದೆ. ಆ ಪುಸ್ತಕವನ್ನು ಉಮಾ ಓದಿಯೇ ಕೊಟ್ಟಳಾ ಎಂದು ಕೇಳಿದೆ. ಇನ್ನೂರ ಹನ್ನೆರಡನೇ ಪುಟ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಅವಳು ತಲೆ ಎತ್ತದೆ, "ಅಮ್ಮಾ ಕಹಾಂ ಪಢತೀ ಹೈ? ಚಶ್ಮಾ ಲಗಾತೇ ಹೀ ಉಸ್ಕಾ ಸರ್ ದುಖ್ತಾ ಹೈ. ದುಕಾನ್‌ವಾಲೇ ನೇ ಸ್ಟೋರೀ ಬತಾಯೀ, ಉಸ್ನೇ ಲೇ ಲೀ" ಎಂದಳು. ನೀನು ಓದಿಯೇ ಇರಲಿಲ್ಲ, ಅಂಗಡಿಯವನು ಹೇಳಿದ ಕಥೆ ಕೇಳಿ ಕೊಂಡಿದ್ದೆಯಂತೆ. ಆಮೇಲೆ ಬಾಗಿಲು ತೆರೆಯುತ್ತಾ, "ಬೋಲೀ, ತೇರೀ ಮಮ್ಮೀ ರೋಜ್ ಟ್ರೇನ್ ಮೇಂ ವಿಂಡೋ ಸೀಟ್ ಪೇ ಬೈಠ್ ಕೇ ನಾವೆಲ್ ಪಢತೀ ಥೀ, ಉಸ್ಕೋ ಅಚ್ಛಾ ಲಗೇಗಾ."

ದಿನಾ ಟ್ರೇನಿನ ಕಿಟಕಿ ಸೀಟಿನಲ್ಲಿ ಕೂತು ನಾವೆಲ್ ಓದುತ್ತಿದ್ದ ನನಗೆ ಇದು ಹಿಡಿಸುತ್ತದೆ ಎಂದು ನೀನು ಹೇಳಿದ್ದೆಯಂತೆ. ಅವಳು ಮೆಟ್ಟಿಲು ಇಳಿದು ಹೋದಳು. ನಾನು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತೆ.

ಉಮಾ, ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಗಾಡಿ ಹತ್ತಿದವಳಿಗೆ ಕಿಟಕಿ ಪಕ್ಕದ ಸೀಟು ಎಲ್ಲಿಂದ ಬರಬೇಕು? ಎರಡು ಕಾಲೂ ನೆಲಕ್ಕೆ ಮುಟ್ಟಿದರೆ ಅದೇ ಪುಣ್ಯ. ಕಿಟಕಿ ಬೇಕೆಂದರೆ ಒಂದೇ ದಾರಿ. ಮೊದಲು ಹಿಂದಕ್ಕೆ ಹೋಗುವ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗಬೇಕು, ಅಲ್ಲಿ ಹೊರಡುವ ಖಾಲಿ ಗಾಡಿಯಲ್ಲಿ ಕೂತು ಮತ್ತೆ ಡೊಂಬಿವಲಿಗೇ ಬಂದು ಮುಂದೆ ಹೋಗಬೇಕು. ಅದಕ್ಕೇ ಪಾಸನ್ನು ಕಲ್ಯಾಣದಿಂದ ತೆಗೆಸಬೇಕು. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ನಿನಗೆ ಗೊತ್ತಿಲ್ಲದೆ ಇರುತ್ತದೆಯೇ? ನಾನು ಎಂಥ ಪೆದ್ದಿ!

ಹಾಗಾದರೆ ನಿನಗೆ ಎಲ್ಲ ಗೊತ್ತಿತ್ತು.

ಆಫೀಸಿನಲ್ಲಿ ಬೇಗ ಬರಹೇಳಿದ್ದಾರೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಡೊಂಬಿವಲಿಯಲ್ಲೇ ನೇರ ಹತ್ತಿದ್ದರೆ ಏಳೂಮುಕ್ಕಾಲಿಗೆ ಮನೆ ಬಿಟ್ಟರೆ ಸಾಕಿತ್ತು. ನಾನು ಏಳೂ ಹತ್ತಕ್ಕೆ ನಿನ್ನ ಬಾಗಿಲು ತಟ್ಟುತ್ತಿದ್ದೆ. ಭುಜಂಗ ಐದಕ್ಕೇ ಹೋಟೆಲಿಗೆ ಹೋಗುತ್ತಿದ್ದ, ಕೇಳುವವರು ಯಾರು? ಮಾನಸಿ ಕೆಲವೊಮ್ಮೆ ನಿದ್ದೆಯಲ್ಲೇ ಇರುತ್ತಿದ್ದಳು, ಕೆಲವೊಮ್ಮೆ ನನ್ನ ಸೆರಗು ಬಿಡುತ್ತಿರಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿ ಕೊಟ್ಟು ಓಡುತ್ತಿದ್ದೆ. ಕಲ್ಯಾಣದಲ್ಲಿ ಕಿಟಕಿ ಹಿಡಿದು ಕೂತು ಚೀಲದಿಂದ ಲೈಬ್ರರಿ ಪುಸ್ತಕ ತೆಗೆದರೆ ವಿ.ಟಿ. ಸ್ಟೇಷನ್ನಿನವರೆಗೆ ಒಂದೂಕಾಲು ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಎಷ್ಟೆಲ್ಲ ಹೆಂಗಸರಾದೆ ಆ ಸೀಟಿನಲ್ಲಿ! ಮಲ್ಲಿಕಾಳಿಗೆ ಲಿಫ್ಟ್ ಬೇಕಾಯಿತು, ನನಗೆ ಏಳೂ ಇಪ್ಪತ್ತೆರಡರ ಕಲ್ಯಾಣ ಲೋಕಲ್ ಸಾಕಾಗಿತ್ತು. ಗಾಡಿ ತಿರುಗಿ ಡೊಂಬಿವಲಿಗೆ ಬಂದಾಗ ಕಿಟಕಿಯಿಂದ ನಮ್ಮ ಕಟ್ಟಡದ ನೀರಿನ ಟಾಂಕಿ ಕಾಣುತ್ತಿತ್ತು. ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ಮೊದಲ ಹೆಜ್ಜೆಯ ಆ ಚೀಟಿಯ ಕೊನೆಯ ಸಾಲನ್ನು ನಾನು ಮೇಲೆ ಬರೆಯಲಿಲ್ಲ. "ಬೆಳಿಗ್ಗೆ ಏಳೂವರೆಗೆ" ಎಂದಿತ್ತು. ಆಗ ನಾನು ಕಲ್ಯಾಣದಲ್ಲಿ ಸೀಟಿಗಾಗಿ ಓಡುತ್ತಿದ್ದೆ. ಆಫೀಸು ನನ್ನಿಂದ ಆ ನಾಲ್ಕು ಹೆಜ್ಜೆ ಕಸಿದುಕೊಂಡಿತು ಎಂದು ಎಲ್ಲರಲ್ಲೂ ಹೇಳಿಕೊಂಡು ಬಂದೆ, ಮಾನಸಿಯಲ್ಲೂ. ಆಫೀಸಿನದು ಏನೂ ತಪ್ಪಿಲ್ಲ. ಮತ್ತೆ ನೀನು, ಎಲ್ಲ ಗೊತ್ತಿದ್ದೂ, ಏಳು ವರ್ಷ ಏಳೂ ಹತ್ತಕ್ಕೆ ಬಾಗಿಲು ತೆರೆದು ಕೈ ನೀಡಿದೆ. ಒಂದು ದಿನ ಒಂದು ಮಾತು ಆಡಲಿಲ್ಲ. ಹಾಗೆ ಇರಲು ನನಗೆ ಬರುತ್ತಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಯುರಿ.

ಈಗ ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ. ಹದಿಮೂರನೇ ಗುಂಡಿ ಒತ್ತಿ ಯಾರಾದರೂ ನನ್ನನ್ನು ಮತ್ತೆ ಆ ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿಗೆ ಇಳಿಸಿದರೆ ಏನು ಮಾಡುತ್ತೇನೆ? ಇದನ್ನೇ ಯೋಚಿಸುತ್ತಾ ಕೂತಿದ್ದೆ, ಚಹಾ ತಣ್ಣಗಾಯಿತು. ಮನೆಗೆ ಓಡಿಹೋಗಿ ಮಗುವನ್ನು ಎತ್ತಿಕೊಳ್ಳುತ್ತೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ನಾನು ಮತ್ತೆ ಕಲ್ಯಾಣಕ್ಕೇ ಹೋಗುತ್ತೇನೆ, ಉಮಾ. ಆ ಒಂದೂಕಾಲು ಗಂಟೆ ಇಲ್ಲದಿದ್ದರೆ ಸಂಜೆ ಮನೆಗೆ ಮರಳುವ ಶಕ್ತಿ ನನಗೆ ಇರುತ್ತಿರಲಿಲ್ಲ. ಯಾರಾದರೂ ನನ್ನ ಸೀಟು ಕಿತ್ತುಕೊಂಡಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ನಾನೇ ಎದ್ದು ಹೋದೆ. ನೀನು ಕೂತೆ.

ಲತೀಶನಿಗೆ ಈಗಷ್ಟೇ ಫೋನು ಮಾಡಿದೆ. ಧಾರೆಗೆ ನೀವೇ ನಿಲ್ಲಬೇಕು, ನೀನು ಮತ್ತು ಪ್ರೇಮನಾಥಣ್ಣ. ಗಿಂಡಿ ನೀನೇ ಹಿಡಿ. ಸುಲೋಚನಾ ಅತ್ತಿಗೆಯನ್ನು ನಾನು ನೋಡಿಕೊಳ್ಳುತ್ತೇನೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುವವಳು ನಾನು.

ಆದರೆ ಒಂದನ್ನು ನನಗೆ ಬಿಟ್ಟುಕೊಡು. ಅವತ್ತು ಬೆಳಿಗ್ಗೆ ಅವಳ ತಲೆಗೆ ಎಣ್ಣೆ ತಟ್ಟಿ ಜಡೆ ಹಾಕುವವಳು ನಾನು. ನಿನ್ನಷ್ಟು ಚೆಂದ ಆಗುವುದಿಲ್ಲ, ಬ್ಯೂಟಿಷಿಯನ್ ಆಮೇಲೆ ಬಿಚ್ಚಿ ಮತ್ತೆ ಕಟ್ಟಲಿ. ಜಡೆ ಹಾಕುತ್ತಾ ಪಾಸಿನ ವಿಷಯ ಅವಳಿಗೆ ಹೇಳಬೇಕು. ನೀನು ಘೋಡಬಂದರಿನಿಂದ ಬೇಗ ಹೊರಟು ಬೇಗ ತಲುಪುತ್ತೀಯ, ನಿನ್ನ ಅಭ್ಯಾಸ ನನಗೆ ಗೊತ್ತು. ಏಳೂ ಹತ್ತಕ್ಕೇ ಬಂದರೆ ಕೆಳಗೆ ಕಾರಿನಲ್ಲೇ ಕೂತಿರು. ಏಳೂಮುಕ್ಕಾಲಿಗೆ ಮೇಲೆ ಬಂದು ಬೆಲ್ ಒತ್ತು. ಅದಕ್ಕೆ ಮುಂಚೆ ಬೇಡ.